ಕಲ್ಲಿನಲ್ಲಿ ಬಿಟ್ಟ ಎಡೆ: ನಾಸಿಕ, ಅಜಂತಾ, ಎಲ್ಲೋರಾಗಳಲ್ಲಿ ಕಲೆ ಮತ್ತು ಪ್ರಕೃತಿ

1

'ಪರಿಸರಕಲೆ' ಎಂಬುದು ಕನ್ನಡ ವಿಮರ್ಶೆಯಲ್ಲಿ ಇನ್ನೂ ನೆಲೆಗೊಂಡ ಪರಿಭಾಷೆಯಲ್ಲ. 1960ರ ದಶಕದ ಕೊನೆಯ ವರ್ಷಗಳಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನ ಕೆಲವು ಕಲಾವಿದರು ಪ್ರದರ್ಶನಾಲಯದ ಗೋಡೆಗಳಿಂದ ಹೊರಬಂದು ಮರುಭೂಮಿ, ಸರೋವರ, ಹುಲ್ಲುಗಾವಲುಗಳನ್ನೇ ತಮ್ಮ ಮಾಧ್ಯಮವಾಗಿ ಆರಿಸಿಕೊಂಡರು. ಈ ಪರಿಕಲ್ಪನೆ ರೂಪುಗೊಂಡದ್ದು ಆಗಲೇ. ಕಲಾಕೃತಿಯನ್ನು ನಿಸರ್ಗದ ಚಿತ್ರವೆಂದು ನೋಡದೆ ನಿಸರ್ಗದೊಳಗಿನ ಒಂದು ಕ್ರಿಯೆಯೆಂದು ನೋಡಬೇಕೆಂಬುದು ಅದರ ಮುಖ್ಯ ಪ್ರತಿಪಾದನೆ. ಈ ಮಾತನ್ನು ಹಿಡಿದುಕೊಂಡು ಹಳೆಯ ಕೃತಿಗಳತ್ತ ಹೋಗುವುದರಲ್ಲಿ ಅಪಾಯವಿದೆ ಎಂಬುದನ್ನು ನಾವು ಮೊದಲೇ ಒಪ್ಪುತ್ತೇವೆ. ನಾಸಿಕದಲ್ಲಿಯೋ ಎಲ್ಲೋರಾದಲ್ಲಿಯೋ ಉಳಿ ಹಿಡಿದವರು ಪರಿಸರಕಲೆಯನ್ನು ಮಾಡುತ್ತಿದ್ದೇವೆಂದು ತಿಳಿದಿರಲಿಲ್ಲ. ಅವರು ಭಿಕ್ಷುಗಳಿಗೆ ವಸತಿಯನ್ನು, ದೇವರಿಗೆ ಆಲಯವನ್ನು ಮಾಡುತ್ತಿದ್ದರು. ಆದರೆ ಒಂದು ಪರಿಕಲ್ಪನೆಯ ಸಾರ್ಥಕತೆ ಅದು ಹಳೆಯ ಕೃತಿಗೆ ಹೊಸ ಹೆಸರು ಕೊಡುವುದರಲ್ಲಿಲ್ಲ. ಆ ಕೃತಿಯಲ್ಲಿ ನಾವು ಈವರೆಗೆ ನೋಡದೆ ಬಿಟ್ಟುದನ್ನು ಕಾಣಿಸುವುದರಲ್ಲಿದೆ.

ನಾವು ನೋಡದೆ ಬಿಟ್ಟದ್ದು ಏನು? ಗೋದಾವರಿಯ ಸೀಮೆಯೊಂದಿಗೆ ಕನ್ನಡದ ಸಂಬಂಧ ಹಳೆಯದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಸಿದ್ಧವಾದ 'ಕವಿರಾಜಮಾರ್ಗ'ವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸಿತು. ಅಂದಿನಿಂದ ಎಲ್ಲೋರಾದ ಕೈಲಾಸವು ನಮ್ಮ ಬರಹಗಳಲ್ಲಿ ಬಹುಮಟ್ಟಿಗೆ ಆ ಎಲ್ಲೆಯ ಸಾಕ್ಷಿಯಾಗಿ, ರಾಜವಂಶದ ಹೆಮ್ಮೆಯಾಗಿ, ಇತಿಹಾಸದ ಪಠ್ಯದಲ್ಲಿ ಬರುವ ಒಂದು ಹೆಸರಾಗಿ ಕಾಣಿಸಿಕೊಂಡಿದೆ. ಕಟ್ಟಿಸಿದವನು ಯಾರು ಎಂಬ ಪ್ರಶ್ನೆಗೆ ಉತ್ತರ ದೊರೆತೊಡನೆ ವಿಮರ್ಶೆ ನಿಂತುಬಿಡುತ್ತದೆ. ಕೊರೆಸಿಕೊಂಡದ್ದು ಯಾವುದು, ಆ ಬೆಟ್ಟಕ್ಕೆ ಏನಾಯಿತು, ಆ ನೀರು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗಳನ್ನು ನಾವು ಕೇಳಲಿಲ್ಲ. ನಾಡಿನ ಎಲ್ಲೆಯಾಗಿ ಗೋದಾವರಿಯನ್ನು ಹೆಸರಿಸಿದವರು ನದಿಯಾಗಿ ಅದನ್ನು ನೋಡಲು ಮರೆತೆವು.

ಪ್ರಸ್ತುತ ಲೇಖನದಲ್ಲಿ ನಾಸಿಕ ಮತ್ತು ಛತ್ರಪತಿ ಸಂಭಾಜಿನಗರ (2023ರವರೆಗೆ ಔರಂಗಾಬಾದ್) ಜಿಲ್ಲೆಗಳ ಮೂರು ಗುಹಾಸಮುಚ್ಚಯಗಳನ್ನು ಈ ಪ್ರಶ್ನೆಗಳ ಬೆಳಕಿನಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ. 'ಎಡೆ' ಎಂಬ ಕನ್ನಡದ ಪದಕ್ಕೆ ಜಾಗ ಎಂಬ ಅರ್ಥವೂ ಇದೆ, ದೇವರ ಮುಂದೆ ಇಡುವ ನೈವೇದ್ಯ ಎಂಬ ಅರ್ಥವೂ ಇದೆ. ಕಲೆ ಪ್ರಕೃತಿಯಿಂದ ತೆಗೆದುಕೊಂಡ ಮೇಲೆ ಪ್ರಕೃತಿಗೆ ಎಷ್ಟು ಎಡೆ ಬಿಟ್ಟಿತು ಎಂಬುದೇ ನಮ್ಮ ಮಾನದಂಡ.

2

ಗೋದಾವರಿಯು ತ್ರ್ಯಂಬಕೇಶ್ವರದ ಬಳಿ ಬ್ರಹ್ಮಗಿರಿಯಲ್ಲಿ ಹುಟ್ಟಿ, ನಾಸಿಕವನ್ನು ಹಾದು, ಶಾತವಾಹನರ ರಾಜಧಾನಿಯಾಗಿದ್ದ ಪೈಠಣದತ್ತ ಹರಿಯುತ್ತದೆ. ಈ ಹಾದಿಯ ಮೊದಲ ಮುಖ್ಯ ಕಲಾನೆಲೆ ನಾಸಿಕದ ಹೊರವಲಯದ ತ್ರಿರಶ್ಮಿ ಬೆಟ್ಟ. ಜನ ಅದನ್ನು ಪಾಂಡವಲೇಣಿ ಎನ್ನುತ್ತಾರೆ. ಇಲ್ಲಿನ 24 ಗುಹೆಗಳ ಶಿಲ್ಪಸೌಂದರ್ಯದ ಬಗೆಗೆ ಬಹಳ ಬರೆಯಲಾಗಿದೆ. ಅವುಗಳ ಶಾಸನಗಳಲ್ಲಿ ಪ್ರಕೃತಿಯ ಬಗೆಗೆ ಎರಡು ಭಿನ್ನ ಮನೋಧರ್ಮಗಳು ವ್ಯಕ್ತವಾಗಿರುವುದನ್ನು ಮಾತ್ರ ನಾವು ಇಲ್ಲಿ ಎತ್ತಿ ತೋರಿಸಬಯಸುತ್ತೇವೆ.

ಹತ್ತನೆಯ ಗುಹೆಯಲ್ಲಿ ಕ್ಷತ್ರಪ ನಹಪಾನನ ಅಳಿಯ ಉಷವದಾತನ ಶಾಸನವಿದೆ. ಅವನು ತನ್ನ ದಾನಗಳನ್ನು ಎಣಿಸುತ್ತ ಹೋಗುತ್ತಾನೆ: ಗೋವುಗಳು, ತಂಗುಮನೆಗಳು, ಬಾವಿಕೆರೆಗಳು, ಹಲವು ನದಿಗಳಲ್ಲಿ ಪಯಣಿಗರಿಗೆ ಶುಲ್ಕವಿಲ್ಲದ ದೋಣಿಗಳು. ಕೊನೆಗೆ ಈ ಗುಹೆಯನ್ನೂ ಈ ನೀರಿನ ತೊಟ್ಟಿಗಳನ್ನೂ ಮಾಡಿಸಿದೆನೆಂದು ಹೇಳುತ್ತಾನೆ. ಗುಹೆಯೊಂದಿಗೆ ತೊಟ್ಟಿಯನ್ನು ಒಂದೇ ಉಸಿರಿನಲ್ಲಿ ಹೆಸರಿಸಿರುವುದನ್ನು ಗಮನಿಸಬೇಕು. ಕಲಾ ಇತಿಹಾಸಕಾರರ ಕಣ್ಣಿಗೆ ಗುಹೆ ಕೃತಿ, ತೊಟ್ಟಿ ಸೌಕರ್ಯ. ದಾನಿಗೆ ಈ ಭೇದವಿಲ್ಲ. ಒಂದೇ ಉಳಿ ಮನುಷ್ಯನಿಗೆ ಒಂದು ಕುಹರವನ್ನೂ ಮಳೆಗೆ ಒಂದು ಕುಹರವನ್ನೂ ಕೊರೆಯಿತು. ಮುಂಗಾರಿನ ನೀರು ಬೆಟ್ಟದ ಮೈಯಿಂದ ಇಳಿದು ಕಲ್ಲಿನ ಮರೆಯಲ್ಲಿ ಬಿಸಿಲಿಗೆ ಆರದೆ ಉಳಿದು ವರ್ಷದ ಉಳಿದ ತಿಂಗಳುಗಳಿಗೆ ಒದಗಬೇಕು. ಅದಿಲ್ಲದೆ ವಿಹಾರದಲ್ಲಿ ವಾಸವೇ ಇಲ್ಲ. ಕೊರೆಯುವ ಕ್ರಿಯೆ ಇಲ್ಲಿ ಕಸಿದುಕೊಳ್ಳುವುದೂ ಹೌದು, ಎಡೆಮಾಡುವುದೂ ಹೌದು.

ಮೂರನೆಯ ಗುಹೆಯಲ್ಲಿರುವುದು ಗೌತಮೀ ಬಲಶ್ರೀಯ ಪ್ರಸಿದ್ಧ ಶಾಸನ. ವಾಸಿಷ್ಠೀಪುತ್ರ ಪುಳುಮಾವಿಯ ಹತ್ತೊಂಬತ್ತನೆಯ ಆಳ್ವಿಕೆಯ ವರ್ಷದ್ದು, ಎರಡನೆಯ ಶತಮಾನಕ್ಕೆ ಸೇರಿದ್ದು. ಮಗ ಗೌತಮೀಪುತ್ರ ಶಾತಕರ್ಣಿಯನ್ನು ಹೊಗಳುವಾಗ ಈ ತಾಯಿ ವಿಂಧ್ಯ, ಸಹ್ಯ, ಮಲಯ, ಮಹೇಂದ್ರ ಮೊದಲಾದ ಪರ್ವತಗಳ ಒಡೆಯನೆಂದು ಅವನನ್ನು ಕರೆಯುತ್ತಾಳೆ. ಬೆಟ್ಟಗಳು ಇಲ್ಲಿ ರಾಜ್ಯದ ಲೆಕ್ಕಪುಸ್ತಕದ ಬಾಬತ್ತುಗಳು. ಆದರೆ ಅದೇ ಶಾಸನ ತಾನು ಗುಹೆ ಕೊರೆಸಿದ ತ್ರಿರಶ್ಮಿಯ ಶಿಖರವನ್ನು ಕೈಲಾಸದ ಶಿಖರಕ್ಕೆ ಹೋಲಿಸುತ್ತದೆ. ಒಡೆತನದ ಭಾಷೆ ಇಲ್ಲಿ ಥಟ್ಟನೆ ಉಪಮೆಯ ಭಾಷೆಯಾಗುತ್ತದೆ. ಉಪಮೆಯಲ್ಲಿ ಉಪಮೇಯವೂ ಉಪಮಾನವೂ ಬೇರೆಬೇರೆಯಾಗಿಯೇ ಉಳಿಯುತ್ತವೆ. ತ್ರಿರಶ್ಮಿ ತ್ರಿರಶ್ಮಿಯೇ, ಕೈಲಾಸ ಕೈಲಾಸವೇ. ಆರು ಶತಮಾನಗಳ ನಂತರ ಇದೇ ಸೀಮೆಯಲ್ಲಿ ಈ ಉಪಮೆ ರೂಪಕವಾಯಿತು. ಆ ಮಾತಿಗೆ ಬರುವ ಮುನ್ನ ಅಜಂತೆಯನ್ನು ನೋಡಬೇಕು. ಕಾಲದಲ್ಲಿ ಅದು ನಾಸಿಕಕ್ಕೂ ಎಲ್ಲೋರಾದ ಕೈಲಾಸಕ್ಕೂ ನಡುವಣದು. ಪ್ರಶ್ನೆಯನ್ನು ಅದು ಕಲ್ಲಿನಿಂದ ಮಣ್ಣಿಗೆ ಇಳಿಸುತ್ತದೆ.

3

ಸಂಭಾಜಿನಗರ ಜಿಲ್ಲೆಯ ಉತ್ತರದಂಚಿನಲ್ಲಿ ವಾಘುರ್ ಹೊಳೆ ಬಸಾಲ್ಟ್ ಬಂಡೆಯನ್ನು ಕೊರೆದು ಕುದುರೆಯ ಲಾಳದ ಆಕಾರದ ಕಮರಿಯೊಂದನ್ನು ಮಾಡಿದೆ. ಅಜಂತೆಯ 30 ಗುಹೆಗಳು ಈ ಬಾಗಿನ ಮೈಯಲ್ಲಿವೆ. ಮೊದಲ ಕೊರೆತ ಹೊಳೆಯದು, ಎರಡನೆಯದು ಮನುಷ್ಯನದು. ಹೊಳೆ ತೆರೆದಿಟ್ಟ ಕಡಿದಾದ ಗೋಡೆ ಇಲ್ಲದಿದ್ದರೆ ಇಲ್ಲಿ ಶಿಲ್ಪಿಗೆ ಆರಂಭವೇ ಇರಲಿಲ್ಲ. ಗುಹೆಗಳ ಸಾಲು ಹೊಳೆಯ ಬಾಗನ್ನೇ ಅನುಸರಿಸುವುದರಿಂದ ಪ್ರತಿಯೊಂದು ಬಾಗಿಲಿಗೂ ಬೆಳಕು ಬೇರೆ ಹೊತ್ತಿನಲ್ಲಿ, ಬೇರೆ ಓರೆಯಲ್ಲಿ ಬರುತ್ತದೆ. ಈ ವಿನ್ಯಾಸವನ್ನು ಮಾಡಿದವರು ಯಾರು ಎಂದು ಕೇಳಿದರೆ ಹೊಳೆಯ ಹೆಸರನ್ನೂ ಹೇಳಬೇಕಾಗುತ್ತದೆ.

ಚಿತ್ರಗಳ ವಿಷಯದಲ್ಲಿ ಈ ಸಹಕರ್ತೃತ್ವ ಇನ್ನೂ ಸೂಕ್ಷ್ಮವಾದುದು. ಅಜಂತೆಯ ಚಿತ್ರ ಕಲ್ಲಿನ ಮೇಲಿಲ್ಲ. ಕಲ್ಲಿಗೆ ಮೆತ್ತಿದ ಮಣ್ಣಿನ ಮೇಲಿದೆ. ಆ ಮಣ್ಣಿನಲ್ಲಿ ಭತ್ತದ ಹೊಟ್ಟು, ಸಸ್ಯದ ನಾರು, ಬೀಜಗಳು ಸೇರಿವೆ. ಅದರ ಮೇಲೆ ತೆಳುವಾದ ಬಿಳಿಯ ಲೇಪ, ಆಮೇಲೆ ಬಣ್ಣ. ಬಹುಪಾಲು ಬಣ್ಣಗಳು ಕೆಮ್ಮಣ್ಣು, ಹಳದಿ ಮಣ್ಣುಗಳಂತಹ ಖನಿಜಗಳಿಂದ ಬಂದವು; ದೂರದಿಂದ ಬಂದದ್ದು ನೀಲಿಯ ಲಾಜವರ್ದ ಕಲ್ಲು. ಅಂದರೆ ಬೋಧಿಸತ್ತ್ವನ ಮುಖದ ಹಿಂದೆ ಒಂದು ಹೊಲವಿದೆ. ಹೊಲದ ನಾರಿಗೆ ಹುಳುವೂ ಬರುತ್ತದೆ. 2016ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಷಯದಲ್ಲಿ ಕುತೂಹಲಕರವಾದುದು. ಎಲ್ಲೋರಾದ ಗಾರೆಯಲ್ಲಿ ಭಂಗಿಗಿಡದ ನಾರು ಬೆರೆತಿದ್ದು, ಅದು ಹುಳುಗಳನ್ನು ದೂರವಿಟ್ಟಿತೆಂದೂ, ಆ ನಾರಿಲ್ಲದ ಅಜಂತೆಯ ಗಾರೆಗೆ ಹುಳುಗಳಿಂದ ಹೆಚ್ಚು ಹಾನಿಯಾಯಿತೆಂದೂ ಅದು ತೋರಿಸಿತು. ಎರಡು ಸ್ಥಳಗಳ ನಡುವಣ ಅಂತರವನ್ನು ಶೈಲಿಯಲ್ಲಿ, ಪಂಥದಲ್ಲಿ, ರಾಜಾಶ್ರಯದಲ್ಲಿ ಹುಡುಕುವ ನಮಗೆ ಅದು ಒಂದು ಗಿಡದಲ್ಲಿಯೂ ಇರಬಹುದೆಂಬ ತಿಳಿವಳಿಕೆ ಹೊಸದು.

ಚಿತ್ರವನ್ನು ಪ್ರಕೃತಿಯಿಂದ ಪೂರ್ತಿಯಾಗಿ ಬಿಡಿಸಿ ಉಳಿಸುವ ಯತ್ನವೂ ನಡೆಯಿತು. 1920ರ ದಶಕದ ಆರಂಭದಲ್ಲಿ ಹೈದರಾಬಾದಿನ ನಿಜಾಮ ಸರಕಾರವು ಇಟಲಿಯಿಂದ ಇಬ್ಬರು ಸಂರಕ್ಷಕರನ್ನು ಕರೆಸಿತು. ಅವರು ಸಡಿಲಗೊಂಡ ಗಾರೆಯನ್ನು ಭದ್ರಪಡಿಸಿದರು; ಅದರಿಂದ ಬಹಳಷ್ಟು ಉಳಿಯಿತು. ಆದರೆ ಮೇಲೆ ಬಳಿದ ಅರಗಿನ ಲೇಪ ಕಾಲಕ್ರಮದಲ್ಲಿ ಹಳದಿಗಟ್ಟಿ ಕಪ್ಪಾಗಿ ಚಿತ್ರವನ್ನು ಮುಸುಕಿತು. ಮುಂದಿನ ತಲೆಮಾರಿನ ಸಂರಕ್ಷಕರು ಆ ಲೇಪವನ್ನು ತೆಗೆಯುವುದರಲ್ಲಿಯೇ ಬಹುಕಾಲ ಕಳೆಯಬೇಕಾಯಿತು. ಉಸಿರಾಡುವ ಮಣ್ಣಿಗೆ ಉಸಿರುಕಟ್ಟಿಸಿದರೆ ಅದು ಉಳಿಯುವುದಿಲ್ಲ ಎಂಬುದೇ ಇದರ ಪಾಠ. ಈಗ ವಾಹನಗಳನ್ನು ಗುಹೆಗಳಿಂದ ಸುಮಾರು ನಾಲ್ಕು ಕಿಲೋಮೀಟರು ದೂರದಲ್ಲಿಯೇ ತಡೆದು ಯಾತ್ರಿಕರನ್ನು ಬೇರೆ ಬಸ್ಸುಗಳಲ್ಲಿ ಒಯ್ಯುತ್ತಾರೆ. ಕಮರಿಯ ಗಾಳಿಯೂ ಕೃತಿಯ ಭಾಗವೆಂಬುದನ್ನು ಆಡಳಿತ ತಡವಾಗಿಯಾದರೂ ಒಪ್ಪಿದಂತಾಯಿತು.

4

ಎಲ್ಲೋರಾದ ದಿಣ್ಣೆ ಉತ್ತರ ದಕ್ಷಿಣವಾಗಿ ಸುಮಾರು ಎರಡು ಕಿಲೋಮೀಟರು ಚಾಚಿ ಪಶ್ಚಿಮಕ್ಕೆ ಮುಖಮಾಡಿದೆ. ಬೌದ್ಧ, ವೈದಿಕ, ಜೈನ ಎಂದು ಮೂರು ಪಂಥಗಳ 34 ಗುಹೆಗಳು ಒಂದೇ ಬಂಡೆಯನ್ನು ಹಂಚಿಕೊಂಡಿವೆ. ಮಳೆಗಾಲದಲ್ಲಿ ಮೇಲಿನ ಬಯಲಿನ ನೀರು ಬಂಡೆಯ ಅಂಚಿನಿಂದ ಕೆಳಕ್ಕೆ ಧುಮುಕುತ್ತದೆ. 29ನೆಯ ಗುಹೆಯಾದ ಧೂಮಾರ ಲೇಣೆಯ ಪಕ್ಕದಲ್ಲಿಯೇ ಜಲಪಾತವಿದೆ. ನಡುವೆ, 16ನೆಯದಾಗಿ, ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ, ಅಂದರೆ ಎಂಟನೆಯ ಶತಮಾನದ ಉತ್ತರಾರ್ಧದ ಕೈಲಾಸ.

ಕೈಲಾಸಕ್ಕೆ ಮಾದರಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವೆಂದು ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಅದಕ್ಕೂ ಹಿಂದೆ ಕಾಂಚಿಯ ಕೈಲಾಸನಾಥವಿದೆ. ಕಾಂಚಿಯಿಂದ ಮಲಪ್ರಭೆಗೆ, ಮಲಪ್ರಭೆಯಿಂದ ಗೋದಾವರಿಯ ಸೀಮೆಗೆ ಒಂದು ಆಕೃತಿ ನಡೆದುಬಂದ ಕಥೆ ನಮಗೆಲ್ಲ ಪರಿಚಿತ. ಆಕೃತಿಯ ಸಾಮ್ಯ ಮುಚ್ಚಿಡುವ ವ್ಯತ್ಯಾಸದತ್ತ ನಾವು ಗಮನ ಸೆಳೆಯಬಯಸುತ್ತೇವೆ. ವಿರೂಪಾಕ್ಷವು ಮರಳುಗಲ್ಲನ್ನು ಗಣಿಯಿಂದ ತಂದು, ತುಂಡಿನ ಮೇಲೆ ತುಂಡಿಟ್ಟು, ನೆಲದಿಂದ ಮೇಲಕ್ಕೆ ಕಟ್ಟಿದ ಕೃತಿ. ಅಲ್ಲಿ ತಪ್ಪಿದ ಕಲ್ಲನ್ನು ತೆಗೆದು ಬೇರೊಂದನ್ನು ಇಡಬಹುದು. ಕೈಲಾಸವು ಮೇಲಿನಿಂದ ಕೆಳಕ್ಕೆ ಕೊರೆದ ಕೃತಿ. ಶಿಖರ ಮೊದಲು, ಪಾದ ಕೊನೆಗೆ. ಬಸಾಲ್ಟಿನ ಬಿರುಕು ಎಲ್ಲಿ ಎದುರಾಗುತ್ತದೆಂಬುದು ಅಲ್ಲಿಗೆ ಇಳಿಯುವವರೆಗೆ ತಿಳಿಯದು. ತೆಗೆದದ್ದನ್ನು ಹಿಂದಕ್ಕೆ ಇಡಲಾಗದು. ಒಂದೇ ಆಕೃತಿ, ಪ್ರಕೃತಿಯೊಂದಿಗೆ ಎರಡು ತದ್ವಿರುದ್ಧ ಸಂಬಂಧಗಳು. ಒಂದರಲ್ಲಿ ಪ್ರಕೃತಿ ಸಾಮಗ್ರಿ. ಇನ್ನೊಂದರಲ್ಲಿ ಅದು ಕೊನೆಯವರೆಗೂ ಎದುರು ನಿಂತ ಪಕ್ಷ.

ಈ ಕೊರೆತವನ್ನು ನಿಸರ್ಗದೊಂದಿಗಿನ ಸಾಮರಸ್ಯವೆಂದು ಕೊಂಡಾಡುವುದು ಸುಲಭ, ಅದು ಅಪ್ರಾಮಾಣಿಕ. ಕೈಲಾಸದ ಅಂಗಳ ಸುಮಾರು 276 ಅಡಿ ಉದ್ದ, 154 ಅಡಿ ಅಗಲ. ಹಿಂದಿನ ಗೋಡೆಯ ಆಳ ಸುಮಾರು 107 ಅಡಿ. ಇಲ್ಲಿಂದ ತೆಗೆದ ಕಲ್ಲು ಒಂದೂವರೆಯಿಂದ ಎರಡು ಲಕ್ಷ ಟನ್ನುಗಳಷ್ಟೆಂಬ ಅಂದಾಜುಗಳಿವೆ. ಬೆಟ್ಟದ ಪಾಲಿಗೆ ಇದು ಗಾಯ. ನಾಸಿಕದ ಶಾಸನದಲ್ಲಿ ಉಪಮೆಯಾಗಿದ್ದುದು ಇಲ್ಲಿ ರೂಪಕವಾಗಿದೆ: ಬೆಟ್ಟ ಕೈಲಾಸದಂತೆ ಎನ್ನುವ ಬದಲು ಬೆಟ್ಟವೇ ಕೈಲಾಸ ಎಂದಾಗ, ಬೆಟ್ಟ ಬೆಟ್ಟವಾಗಿ ಉಳಿಯುವ ಹಕ್ಕನ್ನು ಕಳೆದುಕೊಳ್ಳುತ್ತದೆ. ರೂಪಕಕ್ಕೆ ಇರುವ ಈ ಹಿಂಸೆಯನ್ನು ಅಲಂಕಾರಶಾಸ್ತ್ರ ಗುರುತಿಸಿರಲಿಕ್ಕಿಲ್ಲ. ಎಲ್ಲೋರಾದಲ್ಲಿ ಅದನ್ನು ಕಣ್ಣಾರೆ ಕಾಣಬಹುದು.

ಆ ಕಾಲದವರೇ ಈ ಪ್ರಶ್ನೆಯನ್ನು ಎದುರಿಸಿದ್ದರೆಂಬುದಕ್ಕೆ ಆಧಾರವಿದೆ. ಗುಜರಾತ ಶಾಖೆಯ ಕರ್ಕ ಸುವರ್ಣವರ್ಷನ 812ರ ಬಡೋದೆಯ ತಾಮ್ರಪಟವು ಏಲಾಪುರದ ಬೆಟ್ಟದ ಮೇಲಣ ಈ ದೇವಾಲಯವನ್ನು ವರ್ಣಿಸುತ್ತದೆ. ವಿಮಾನಗಳಲ್ಲಿ ಸಾಗುವ ದೇವತೆಗಳು ಇದನ್ನು ಕಂಡು, ಇಂತಹ ಚೆಲುವು ಕೃತ್ರಿಮವಾದುದರಲ್ಲಿ ಕಾಣದು, ಇದು ಸ್ವಯಂಭುವೇ ಇರಬೇಕೆಂದು ಬೆರಗಾಗುತ್ತಾರಂತೆ. ಮಾಡಿದ ಶಿಲ್ಪಿಯೂ ಇಂಥದನ್ನು ಮತ್ತೊಮ್ಮೆ ಮಾಡಲಾರದೆ, ತಾನು ಇದನ್ನು ಹೇಗೆ ಮಾಡಿದೆನೆಂದು ವಿಸ್ಮಯಪಡುತ್ತಾನಂತೆ. ಹೊಗಳಿಕೆಯ ಈ ರೂಢಿಯೊಳಗೆ ಒಂದು ಮೀಮಾಂಸೆ ಅಡಗಿದೆ. ದೇವತೆಗಳ ದೃಷ್ಟಿಯಲ್ಲಿ ಕಲೆಯ ಪರಾಕಾಷ್ಠೆಯೆಂದರೆ ಅದು ಪ್ರಕೃತಿಯೆಂದೇ ತೋರುವುದು. ಶಿಲ್ಪಿಯ ದೃಷ್ಟಿಯಲ್ಲಿ ಅದೆಂದರೆ ತನ್ನ ಕರ್ತೃತ್ವದ ಮೇರೆಯನ್ನು ಅರಿಯುವುದು. ಪಟ್ಟದಕಲ್ಲಿನಲ್ಲಿ ಗುಂಡನ್ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ ಮೊದಲಾದವರ ಹೆಸರುಗಳು ಬಿರುದುಗಳೊಂದಿಗೆ ಶಾಸನಸ್ಥವಾಗಿವೆ. ತಾಮ್ರಪಟದ ಶಿಲ್ಪಿಗೆ ಹೆಸರಿಲ್ಲ. ಅವನಿಗಿರುವುದು ಬೆರಗು ಮಾತ್ರ. ಬೆಟ್ಟವೂ ಅರ್ಧ ಕರ್ತೃವಾದಲ್ಲಿ ಹೆಸರು ಹಾಕುವುದು ಕಷ್ಟವೆಂಬಂತೆ ನಮಗೆ ಇದು ತೋರುತ್ತದೆ.

ಈ ಓದಿಗೆ ಒಳಗಿನ ಪುಷ್ಟಿಯೂ ಇದೆ. ದೇವಾಲಯದ ದಕ್ಷಿಣದ ಬದಿಯಲ್ಲಿ ರಾವಣನು ಕೈಲಾಸವನ್ನು ಎತ್ತುವ ಪ್ರಸಿದ್ಧ ಶಿಲ್ಪವಿದೆ. ಬೆಟ್ಟದ ಅಡಿಯ ಕತ್ತಲಲ್ಲಿ ಹಲವು ತೋಳುಗಳ ಬಲವೆಲ್ಲ ಸೇರಿ ಎತ್ತುತ್ತಿದೆ. ಮೇಲೆ ಪಾರ್ವತಿ ಬೆಚ್ಚಿದ್ದಾಳೆ. ಶಿವ ಕಾಲ್ಬೆರಳಿನಿಂದ ಒತ್ತಿ ಬೆಟ್ಟವನ್ನು ಸ್ವಸ್ಥಾನದಲ್ಲಿ ನಿಲ್ಲಿಸುತ್ತಾನೆ. ಕಥೆ ಎಲ್ಲರೂ ಬಲ್ಲುದು. ಆದರೆ ಈ ಕಥೆಯನ್ನು ಕೆತ್ತುತ್ತಿರುವವರು ಯಾರು? ಲಕ್ಷ ಟನ್ನುಗಳ ಬೆಟ್ಟವನ್ನು ಅಲುಗಾಡಿಸಿದವರು. ಬೆಟ್ಟಕ್ಕೆ ಕೈಹಚ್ಚಿದವನ ಗರ್ವಭಂಗವನ್ನು ಬೆಟ್ಟಕ್ಕೆ ಕೈಹಚ್ಚಿದವರೇ ಅದೇ ಬೆಟ್ಟದಲ್ಲಿ ಕಂಡರಿಸಿದ್ದಾರೆ. ಇದು ಅವರ ಉದ್ದೇಶವಾಗಿತ್ತೆಂದು ನಾವು ವಾದಿಸುವುದಿಲ್ಲ. ಕೃತಿ ಮಾತ್ರ ಹಾಗೆ ಹೇಳುತ್ತದೆ. ತನ್ನ ಸಾಹಸದ ವಿಮರ್ಶೆಯನ್ನು ತನ್ನೊಳಗೇ ಇಟ್ಟುಕೊಂಡ ಕೃತಿಯಿದು. ಮೂರು ಕಡೆಗಳಲ್ಲಿ ಸುತ್ತುವರಿದು ನಿಂತ, ಕತ್ತರಿಸಿದ ಬಂಡೆಯ ಗೋಡೆ ಏನನ್ನು ತೆಗೆಯಲಾಯಿತೆಂಬುದನ್ನು ಮರೆಯಗೊಡುವುದಿಲ್ಲ. ಗಾಯವನ್ನು ಮರೆಮಾಚದಿರುವುದೇ ಕೈಲಾಸವು ಬೆಟ್ಟಕ್ಕೆ ಬಿಟ್ಟ ಎಡೆ.

5

ಈಗ ಆಧುನಿಕ ಪರಿಸರಕಲೆಯ ಕೆಲವು ಕೃತಿಗಳನ್ನು ಪಕ್ಕದಲ್ಲಿಟ್ಟು ನೋಡಬಹುದು. ಮೈಕೆಲ್ ಹೈಜರ್ 1969ರಲ್ಲಿ ನೆವಾಡದ ಮರುಭೂಮಿಯ ಎತ್ತರದ ಬಯಲಂಚಿನಲ್ಲಿ ನಡುವಣ ತೆರಪೂ ಸೇರಿ ಒಟ್ಟು 1,500 ಅಡಿ ಉದ್ದದ ಎರಡು ಕಂದಕಗಳನ್ನು ತೋಡಿಸಿ ಅದಕ್ಕೆ 'ಡಬಲ್ ನೆಗೆಟಿವ್' ಎಂದು ಹೆಸರಿಟ್ಟ. ಸ್ಥಳಾಂತರಿಸಿದ ಕಲ್ಲುಮಣ್ಣು 2,40,000 ಟನ್. ಪ್ರಮಾಣದಲ್ಲಿ ಇದು ಕೈಲಾಸದ ಸರಿಸಮ. ಎರಡೂ ತೆಗೆಯುವುದರಿಂದಲೇ ಆದ ಕೃತಿಗಳು. ಆದರೆ ಹೈಜರನ ಕಂದಕದಲ್ಲಿ ಶೂನ್ಯವೇ ಕೃತಿ. ಕೈಲಾಸದಲ್ಲಿ ಶೂನ್ಯವು ಉಳಿದದ್ದಕ್ಕೆ ಒದಗಿದ ಆವರಣ. ರಾಬರ್ಟ್ ಸ್ಮಿತ್ಸನ್ 1970ರಲ್ಲಿ ಯೂಟಾದ ಉಪ್ಪಿನ ಸರೋವರದಲ್ಲಿ ಕಟ್ಟಿದ 'ಸ್ಪೈರಲ್ ಜೆಟ್ಟಿ'ಯ ಕಲ್ಲು ಎಲ್ಲೋರಾದ್ದೇ ಜಾತಿಯ ಕಪ್ಪು ಬಸಾಲ್ಟ್. ಕೆಲವೇ ವರ್ಷಗಳಲ್ಲಿ ನೀರೇರಿ ಅದು ಮುಳುಗಿತು. ಮುಂದಿನ ಮೂರು ದಶಕಗಳ ಬಹುಭಾಗ ನೀರಿನಡಿಯಲ್ಲಿದ್ದು, 2002ರ ಸುಮಾರಿಗೆ ಉಪ್ಪು ಮೆತ್ತಿದ ಬಿಳುಪಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಮುಳುಗಿದ್ದು ಕೃತಿಯ ಸೋಲಲ್ಲ. ಸರೋವರಕ್ಕೆ ಮರುಮಾತಾಡುವ ಎಡೆ ಆ ಕೃತಿಯಲ್ಲಿತ್ತು.

ಈ ಮರುಮಾತನ್ನು ಕೇಳಲು ಅಷ್ಟು ದೂರ ಹೋಗಬೇಕಾಗಿಲ್ಲ. ನಾಸಿಕ ಜಿಲ್ಲೆಯ ಪಶ್ಚಿಮದ ಬೆಟ್ಟಸಾಲಿನಲ್ಲಿಯೂ ಪಕ್ಕದ ಪಾಲ್ಘರ್‌ನಲ್ಲಿಯೂ ವಾಸಿಸುವ ವಾರಲಿ ಜನರ ಮನೆಗಳಲ್ಲಿ ಮದುವೆಯ ಸಂದರ್ಭದಲ್ಲಿ ಸೆಗಣಿ ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ, ಜಗಿದ ಬಿದಿರುಕಡ್ಡಿಯಿಂದ ಚಿತ್ರ ಬರೆಯುತ್ತಾರೆ. ಆ ಚಿತ್ರ ಶಾಶ್ವತವಾಗಲೆಂಬ ಹಂಬಲವಿಲ್ಲ. ಗೋಡೆಯೊಂದಿಗೆ ಅದೂ ಉದುರುತ್ತದೆ, ಮುಂದಿನ ಮದುವೆಗೆ ಮತ್ತೆ ಬರೆಯುತ್ತಾರೆ. ಈ ಕಲೆಯನ್ನು ಕಾಗದಕ್ಕೆ ತಂದ ಜಿವ್ಯಾ ಸೋಮಾ ಮ್ಹಾಸೆ (1934–2018) ಅವರೂ, ನಡೆದೂ ನಡೆದೂ ಹುಲ್ಲಿನ ಮೇಲೆ ಮೂಡಿದ ಗೆರೆಯನ್ನೇ 1967ರಲ್ಲಿ ಕೃತಿಯೆಂದ ಇಂಗ್ಲೆಂಡಿನ ರಿಚರ್ಡ್ ಲಾಂಗ್ ಅವರೂ 1989ರ ಪ್ಯಾರಿಸಿನ ಪ್ರದರ್ಶನವೊಂದರಲ್ಲಿ ಪಾಲ್ಗೊಂಡಿದ್ದರು; 2003ರಲ್ಲಿ ಜರ್ಮನಿಯ ಡ್ಯುಸೆಲ್‌ಡೋರ್ಫ್‌ನಲ್ಲಿ ಇಬ್ಬರ ಕೃತಿಗಳು ಜೊತೆಯಾಗಿ ಪ್ರದರ್ಶನಗೊಂಡವು. ಒಬ್ಬರದು ದೇಸಿ, ಇನ್ನೊಬ್ಬರದು ಆಧುನಿಕ ಎಂದು ವಿಂಗಡಿಸಿದರೆ ನಾವು ಮುಖ್ಯವಾದುದನ್ನು ಕಳೆದುಕೊಳ್ಳುತ್ತೇವೆ. ಇಬ್ಬರೂ ಅಳಿಯುವ ಗೆರೆಯನ್ನು ನಂಬಿದವರು.

6

ಇಷ್ಟು ಹೇಳಿದ ಮೇಲೆ ನಾಸಿಕಕ್ಕೆ ಹಿಂದಿರುಗದೆ ಲೇಖನವನ್ನು ಮುಗಿಸುವುದು ಸಲ್ಲದು. ಪಾಂಡವಲೇಣಿಯಿಂದ ಕೆಲವೇ ಕಿಲೋಮೀಟರುಗಳ ದೂರದಲ್ಲಿ ಗೋದಾವರಿಯ ರಾಮಕುಂಡವಿದೆ. ಸಿಂಹಸ್ಥ ಕುಂಭಮೇಳದ ಅನುಕೂಲಕ್ಕಾಗಿ ಇಲ್ಲಿಯ ನದೀಪಾತ್ರಕ್ಕೆ ಕಾಂಕ್ರೀಟು ಹಾಸಲಾಯಿತು. ತಳದ ಒರತೆಗಳು ಮುಚ್ಚಿಹೋದವೆಂದು ಪರಿಸರಾಸಕ್ತರು ಆಕ್ಷೇಪಿಸಿದರು. ಕಾಂಕ್ರೀಟನ್ನು ತೆಗೆಸಬೇಕೆಂಬ ಬೇಡಿಕೆ ಮುಂಬಯಿ ಉಚ್ಚ ನ್ಯಾಯಾಲಯದವರೆಗೆ ಹೋಯಿತು. 2016ರ ಬರದ ಬೇಸಿಗೆಯಲ್ಲಿ ರಾಮಕುಂಡ ಬತ್ತಿತು. 2025ರ ಕೊನೆಯಲ್ಲಿ, ಬರಲಿರುವ ಕುಂಭಮೇಳದ ಸಾಧುಗ್ರಾಮಕ್ಕಾಗಿ ತಪೋವನದ ಮರಗಳನ್ನು ಕಡಿಯುವ ಪ್ರಸ್ತಾಪ ಬಂದಾಗ ನಗರದ ಜನ ಪ್ರತಿಭಟಿಸಿದರು. ಇವೆರಡೂ ಆಡಳಿತದ ವಿಷಯಗಳು, ಸಾಹಿತ್ಯ ಕಲೆಗಳ ವಿಮರ್ಶೆಗೆ ಇವುಗಳಿಂದೇನೆಂದು ಕೇಳಬಹುದು. ನದಿಯ ದಡವನ್ನು ರೂಪಿಸುವುದು ಕೂಡ ಒಂದು ರೂಪನಿರ್ಮಾಣ ಎಂಬುದೇ ನಮ್ಮ ಉತ್ತರ. ಘಟ್ಟವೂ ಒಂದು ಕೃತಿ. ಅದನ್ನೂ ಅದೇ ಮಾನದಂಡದಿಂದ ಅಳೆಯಬೇಕು.

ಉಷವದಾತನ ತೊಟ್ಟಿಯೂ ರಾಮಕುಂಡದ ಕಾಂಕ್ರೀಟೂ ಧರ್ಮಕಾರ್ಯದ ಹೆಸರಿನಲ್ಲಿ ಆದವು. ಎರಡೂ ನೀರನ್ನು ಕುರಿತವು. ಮೊದಲನೆಯದು ಕಲ್ಲನ್ನು ತೆರೆದು ನೀರಿಗೆ ಎಡೆಮಾಡಿತು. ಎರಡನೆಯದು ನೆಲವನ್ನು ಮುಚ್ಚಿ ಮನುಷ್ಯನ ಕಾಲಿಗೆ ಎಡೆಮಾಡಿತು. ಇವುಗಳ ನಡುವಣ ಅಂತರವನ್ನು ಭಕ್ತಿಯ ಹೆಚ್ಚುಕಡಿಮೆಯಿಂದ ವಿವರಿಸಲಾಗದು. ಪ್ರಕೃತಿಯನ್ನು ಮುಟ್ಟದ ಕಲೆಯಿಲ್ಲ. ನಾಸಿಕ, ಅಜಂತಾ, ಎಲ್ಲೋರಾಗಳೆಲ್ಲ ಗಾಯಗಳೇ. ಗಾಯ ಮಾಡಿದ ಮೇಲೆ ಮಳೆಗೆ, ಹುಳುವಿಗೆ, ಬಿರುಕಿಗೆ, ಹೊಳೆಗೆ ಮರುಮಾತಿನ ಹಕ್ಕನ್ನು ಉಳಿಸಿತೇ ಎಂಬುದರಲ್ಲಿ ಕೃತಿಯ ಘನತೆಯಿದೆ.

ಕನ್ನಡ ವಿಮರ್ಶೆಗೆ ಇದರಿಂದ ಒಂದು ಹೊಣೆ ಒದಗುತ್ತದೆ. ಕೈಲಾಸವನ್ನು ನಮ್ಮದೆಂದು ಹೇಳಿಕೊಳ್ಳುವವರು ಆ ಬೆಟ್ಟದ ನೀರಿಗೂ ಬಾಧ್ಯರು. ಗೋದಾವರಿಯನ್ನು ಎಲ್ಲೆಯೆಂದು ಹೆಮ್ಮೆಯಿಂದ ಓದುವವರು ಅದರ ಒರತೆಗಳ ಲೆಕ್ಕವನ್ನೂ ಓದಬೇಕು. ಮುಂದಿನ ಸಂಶೋಧಕರು ಶಾಸನ, ಮೂರ್ತಿಲಕ್ಷಣ, ರಾಜವಂಶಗಳ ಜೊತೆಗೆ ತೊಟ್ಟಿ, ಕಾಲುವೆ, ಗಾರೆಯ ನಾರು, ಬಂಡೆಯ ಬಿರುಕುಗಳನ್ನೂ ಪಠ್ಯವೆಂದು ಓದುವಂತಾದರೆ ಈ ಲೇಖನದ ಉದ್ದೇಶ ಸಫಲವಾದಂತೆ.